ನಾಲ್ಕು ಬದುಗಳ ಲೆಕ್ಕ

ನಮ್ಮ ಅಪ್ಪ ತನ್ನ ತಂಗಿಯನ್ನು ಹದಿನೆಂಟು ವರ್ಷ ಎರಡು ಚೀಲ ಕಡಲೆಗಾಗಿ ಬೈದ. ಬೆಳ್ಳಟ್ಟಿಯ ಹಳ್ಳದ ದಂಡೆಯಲ್ಲಿ ಅವರಿಬ್ಬರ ಹೊಲಗಳು ಒಂದಕ್ಕೊಂದು ತಾಗಿಕೊಂಡಿವೆ, ನಡುವೆ ಒಂದು ಬದು. ಎರಡೂ ತಲಾ ಎರಡೂವರೆ ಎಕರೆ ಎಂದು ಅಪ್ಪನೇ ಅಳೆದು ಹಂಚಿದ್ದ. ಅದೇ ಕರಿ ಮಣ್ಣು, ಅದೇ ಮಳೆ, ಒಂದೇ ಅಂಗಡಿಯ ಬೀಜ. ಆದರೂ ಅಪ್ಪನಿಗೆ ಹದಿನೈದು ಚೀಲ ಬಂದ ವರ್ಷ ಅತ್ತೆಗೆ ಹದಿಮೂರು ಬರುತ್ತಿತ್ತು. ಹೆಚ್ಚುಕಡಿಮೆ ಪ್ರತಿ ವರ್ಷವೂ ಇದೇ ಹಾಡು.

"ಹೊಲ ಒಂದ ಅಳತಿ, ಮಣ್ಣು ಒಂದ. ಆಕಿ ಕೈಯಾಗ ಹಿಡಿತ ಇಲ್ಲ" ಎಂದು ಅಪ್ಪ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಅಲ್ಲಿ ಹೇಳಿದ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿ ಬರುತ್ತದೆ. ಊರವರು ಅತ್ತೆಗೆ 'ಎರಡ ಚೀಲದಾಕಿ' ಎಂದು ಹೆಸರಿಟ್ಟರು. ಪಕ್ಕದ ಹೊಲದವರು ತಮ್ಮ ಭೂಮಿಯನ್ನು ಪಾಲಿಗೆ ಕೊಡುವಾಗ ಅತ್ತೆ ಹೋಗಿ ಕೇಳಿದ್ದಳು. "ನಿನ್ನ ಹೊಲದಾಗ ಎರಡು ಚೀಲ ಕಳೀತಿ, ನಮ್ಮದರಾಗ ಎಷ್ಟ ಕಳೀತಿಯೋ" ಎಂದು ನಕ್ಕು ಕಳಿಸಿದರು. ಬೆಳಕು ಹರಿಯುವ ಮೊದಲು ಹೊಲದಲ್ಲಿರುತ್ತಿದ್ದ ಹೆಂಗಸು ಅವಳು. ಆ ದಿನ ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ.

ಅಪ್ಪ ಕೆಟ್ಟವನಲ್ಲ. ಅತ್ತೆಯ ಗಂಡ ಲಕ್ಷ್ಮೇಶ್ವರದಲ್ಲಿ ತೀರಿಕೊಂಡಾಗ, ಆಕೆ ಬಾಯಿಬಿಟ್ಟು ಕೇಳುವ ಮೊದಲೇ ಹೊಲದಲ್ಲಿ ಅರ್ಧ ಕೊಟ್ಟವನು ಅವನು. ಆ ಅರ್ಧ ಸರಿಯಾಗಿ ಅರ್ಧವೇ ಇರಬೇಕೆಂದು ಎರಡು ದಿನ ಸರಪಳಿ ಹಿಡಿದು ಬಿಸಿಲಲ್ಲಿ ಓಡಾಡಿದವನೂ ಅವನೇ. ಊರಿನಲ್ಲಿ ಯಾರ ಹೊಲ ಭಾಗವಾದರೂ ಅಪ್ಪನನ್ನೇ ಕರೆಯುತ್ತಿದ್ದರು. ಅವನ ಅಳತೆಯ ಮೇಲೆ ಯಾರೂ ಮಾತಾಡುತ್ತಿರಲಿಲ್ಲ. ನನಗೆ ಲೆಕ್ಕದ ಹುಚ್ಚು ಹತ್ತಿದ್ದು ಆ ಸರಪಳಿಯಿಂದಲೇ. ಈಗ ನಾನು ಬೆಟಗೇರಿಯಲ್ಲಿದ್ದು ದಿನಾ ಬಸ್ಸಿನಲ್ಲಿ ಮುಂಡರಗಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುತ್ತೇನೆ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೇಕಡಾ ಲೆಕ್ಕ ಕಲಿಸುವಾಗ ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ಸಮಸ್ಯೆ ಬರೆಯುತ್ತಿದ್ದೆ. ಅಣ್ಣನಿಗೂ ತಂಗಿಗೂ ಸಮ ಹೊಲ. ಅಣ್ಣ ಹದಿನೈದು ಚೀಲ ಬೆಳೆದ, ತಂಗಿ ಹದಿಮೂರು. ತಂಗಿಯ ಬೆಳೆ ಶೇಕಡಾ ಎಷ್ಟು ಕಡಿಮೆ? ಹುಡುಗರು ಉತ್ತರ ಬರೆದು, "ತಂಗಿ ಮಲಗಿರಬೇಕ್ರಿ ಅಕ್ಕೋರ" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈ ಸಲ ಕಡಲೆಗೆ ಕೀಡೆ ಬಿತ್ತು. ಗದಗದ ಕಡೆಯಿಂದ ಡ್ರೋನಿನಲ್ಲಿ ಔಷಧಿ ಹೊಡೆಯುವವನೊಬ್ಬ ಬಂದಿದ್ದ. ಎಕರೆಗೆ ಇಷ್ಟು ಎಂದು ಔಷಧಿ ಬೆರೆಸಬೇಕಲ್ಲ, ಹಾಗಾಗಿ ಅವನು ಮೊದಲು ಫೋನಿನಲ್ಲಿ ಹೊಲದ ಗೆರೆ ಎಳೆದುಕೊಂಡ. ಅಪ್ಪನ ಹೊಲಕ್ಕೆ ಎರಡೂವರೆ ಎಕರೆ ಎಂದು ಬಂತು. ಅತ್ತೆಯ ಹೊಲಕ್ಕೆ ಎರಡೇ ಎಕರೆ. ಅತ್ತೆ ಇನ್ನೊಮ್ಮೆ ನೋಡು ಎಂದಳು. ಇನ್ನೊಮ್ಮೆಯೂ ಎರಡೇ. ಅಪ್ಪ ಬದುವಿನ ಮೇಲಿಂದಲೇ ಕೂಗಿದನಂತೆ, "ಗಾಳ್ಯಾಗ ಹಾರೂದಕ್ಕ ನೆಲದ ಅಳತಿ ಏನ್ ತಿಳಿತೈತಿ? ನಿನ್ನ ಔಷಧ ನೀ ಹೊಡಿ."

ರಾಶಿ ಮುಗಿದ ಮೇಲೆ ಒಂದು ಸಂಜೆ ಅತ್ತೆ ನನಗೆ ಫೋನು ಮಾಡಿದಳು. ನಾನು ಮುಂಡರಗಿಯಿಂದ ವಾಪಸು ಬರುವ ಬಸ್ಸಿನಲ್ಲಿದ್ದೆ.

"ಯವ್ವಾ, ನೀ ಶಾಲ್ಯಾಗ ಅಳತಿ ಲೆಕ್ಕಾ ಕಲಸ್ತಿಯಲ್ಲಾ. ಬಂದು ನನ್ನ ಹೊಲ ಅಳಿ. ಎರಡೂವರಿ ಎಕರೆ ಇದ್ರ ನನ್ನ ಕೈಯ ನೆಟ್ಟಗಿಲ್ಲ ಅಂತ ನಾನ ಒಪ್ಕೋತೇನಿ. ಕಮ್ಮಿ ಇದ್ರ ಕಮ್ಮಿ ಅನ್ನು. ಆದ್ರ ನಿಮ್ಮಪ್ಪನ ಮುಂದ ಅಳಿ."

ಆತು ಎಂದೆ. ಫೋನು ಇಟ್ಟ ಮೇಲೆ ಬ್ಯಾಗಿನಿಂದ ನೋಟುಬುಕ್ಕು ತೆಗೆದು ಹಿಂದಿನ ಹಾಳೆಯಲ್ಲಿ ಎರಡೂ ಹೊಲಗಳ ಚಿತ್ರ ಬರೆದೆ. ಅಪ್ಪನದು ಚೌಕ. ಅತ್ತೆಯದು ಹಳ್ಳದ ಓಟಕ್ಕೆ ತಕ್ಕಂತೆ ಒಂದು ಕಡೆಗೆ ವಾಲಿದ್ದು. ಉತ್ತರ ಆ ಚಿತ್ರದಲ್ಲೇ ಇತ್ತು. ಆ ಎರಡು ಹೊಲಗಳಲ್ಲೇ ಆಡಿ ಬೆಳೆದ ನಾನು ಒಂದು ದಿನವೂ ಅವುಗಳ ಚಿತ್ರ ಬರೆದು ನೋಡಿರಲಿಲ್ಲ.

ನಮ್ಮ ಕಡೆಯ ಹಳೆಯ ಅಳತೆಯನ್ನು ಸ್ವಲ್ಪ ಹೇಳಬೇಕು. ಸರಪಳಿ ಎಂದರೆ ಮೂವತ್ತಮೂರು ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹೊಲದ ನಾಲ್ಕು ಬದುಗಳನ್ನು ಅಳೆಯುವುದು, ಎದುರುಬದುರಿನ ಬದುಗಳನ್ನು ಕೂಡಿಸಿ ಅರ್ಧ ಮಾಡುವುದು, ಆ ಎರಡು ಅರ್ಧಗಳನ್ನು ಗುಣಿಸುವುದು. ಅಪ್ಪನಿಗೆ ಅವನ ಅಪ್ಪ ಕಲಿಸಿದ್ದು ಇಷ್ಟೇ. ಚೌಕ ಹೊಲಕ್ಕೆ ಇದು ಚೊಕ್ಕ ಲೆಕ್ಕ. ಓರೆ ಹೊಲಕ್ಕೆ ಇಟ್ಟರೆ ಯಾವಾಗಲೂ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಅತ್ತೆಯ ಹೊಲದ ನಾಲ್ಕೂ ಬದು ಹತ್ತು ಹತ್ತು ಸರಪಳಿ ಇದ್ದವು. ಹತ್ತು ಹತ್ತಲೆ ನೂರು ಗುಂಟೆ, ಎರಡೂವರೆ ಎಕರೆ. ಅಪ್ಪನದೂ ನೂರು.

ಪಹಣಿಯಲ್ಲಿ ಎರಡೂ ಹೊಲ ಸೇರಿ ನಾಲ್ಕೂವರೆ ಎಕರೆ ಎಂದಿತ್ತು. ಅಪ್ಪನ ಲೆಕ್ಕದಲ್ಲಿ ಐದು. ಯಾರಾದರೂ ಕೇಳಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು. "ಅರ್ಧಾ ಎಕರೆ ಹಳ್ಳದ ಖರಾಬು ಅಂತ ಸರಕಾರದವರು ಕಳದಾರ. ನೆಲಾ ಏನ್ ಎಲ್ಲಿ ಹೋಗಿಲ್ಲ." ಹಳ್ಳದ ದಂಡೆಯ ಹೊಲಗಳಲ್ಲಿ ಬೆಳೆಯದ ನೆಲವನ್ನು ಖರಾಬು ಎಂದು ಕಳೆಯುವುದು ಇದ್ದೇ ಇದೆ. ಆದ್ದರಿಂದ ಆ ಅರ್ಧ ಎಕರೆಯನ್ನು ಹುಡುಕಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.

ಆ ಭಾನುವಾರ ಬೆಟಗೇರಿಯಿಂದ ಹೊರಟು ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಊರು ಮುಟ್ಟುವಷ್ಟರಲ್ಲಿ ಹತ್ತು ಗಂಟೆ. ದಾರಿಯುದ್ದಕ್ಕೂ ಫೋನಿನ ಅಳತೆಯೇ ತಪ್ಪಾಗಿರಲಿ ಎಂದು ಒಮ್ಮೆ ಬಯಸಿದೆ, ಸರಿಯಾಗಿರಲಿ ಎಂದು ಇನ್ನೊಮ್ಮೆ. ತಪ್ಪಾಗಿದ್ದರೆ ಅತ್ತೆಗೆ ಊರವರಿಟ್ಟ ಹೆಸರು ಹಾಗೇ ಉಳಿಯುತ್ತದೆ. ಸರಿಯಾಗಿದ್ದರೆ ಅಪ್ಪನ ಹೆಸರು ಮಣ್ಣುಪಾಲು. ನಡುವೆ ನಿಂತು ಉತ್ತರ ಹೇಳಬೇಕಾದವಳು ನಾನು.

ಅಪ್ಪ ಆಗಲೇ ಹೊಲದಲ್ಲಿದ್ದ, ಗೋಣಿಚೀಲದಲ್ಲಿ ಸರಪಳಿ ತಂದಿದ್ದ. ಅತ್ತೆ ಬದುವಿನ ಬನ್ನಿ ಗಿಡದ ನೆರಳಲ್ಲಿ ನಿಂತಿದ್ದಳು.

"ಬರ್ರಿ ಅಕ್ಕೋರ" ಎಂದ ಅಪ್ಪ. ಮಗಳನ್ನು ಹಾಗೆ ಕರೆದರೆ ಅವನಿಗೆ ಸಿಟ್ಟು ಬಂದಿದೆ ಎಂದೇ ಅರ್ಥ. "ಅಪ್ಪನ ಅಳತಿ ತಿದ್ದಾಕ ಬಂದ್ರೇನು?"

"ಅಳದ ನೋಡೂಣಪ್ಪಾ. ನಿಂದ ಖರೆ ಆದ್ರ ಅದನ್ನೂ ಹೇಳ್ತೇನಿ."

ನಾಲ್ಕು ಬದುಗಳನ್ನು ಅಳೆದೆವು. ಸರಪಳಿಯ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಪ್ರತಿ ಬದುವಿಗೂ ಹತ್ತು ಸರಪಳಿ, ಒಂದು ಆಣೆಯೂ ಹೆಚ್ಚುಕಮ್ಮಿ ಇಲ್ಲ. ಹದಿನೆಂಟು ವರ್ಷದ ಹಿಂದಿನ ಅಳತೆ ಕರಾರುವಾಕ್ಕಾಗಿತ್ತು. ನಾಲ್ಕನೆಯ ಬದು ಮುಗಿದಾಗ ಅಪ್ಪ ಅತ್ತೆಯ ಕಡೆ ತಿರುಗಿ, "ಕೇಳ್ದ್ಯಾ?" ಎಂದ. ಅತ್ತೆ ತಲೆ ತಗ್ಗಿಸಿದಳು. ಅಪ್ಪ ಸರಪಳಿ ಮಡಚತೊಡಗಿದ.

"ಮಡಚಬ್ಯಾಡ. ಇನ್ನೂ ಒಂದ್ ಐತಿ" ಎಂದೆ. "ಈ ಮೂಲಿಯಿಂದ ಆ ಮೂಲಿಗೆ ಅಳೀಬೇಕು."

"ಮೂಲಿಗೆ ಮೂಲಿ ಯಾಕ? ಹೊಲಕ್ಕ ಬದು ನಾಕು. ನಾಕೂ ಅಳದ್ವಿ. ಮುಗೀತು."

"ನಾಕು ಬದು ಗೊತ್ತಾದ್ರ ಹೊಲ ಗೊತ್ತಾಗೂದಿಲ್ಲಪ್ಪಾ."

ಅವನ ಮುಖ ಕೆಂಪಾಯಿತು. "ನಲವತ್ತು ವರ್ಷ ಅಳದೇನಿ. ಒಬ್ಬಾಕಿ ಮೂಲಿಗೆ ಮೂಲಿ ಅಂದಾಕಿಲ್ಲ, ಒಬ್ಬಾವ ಅಂದಾವಿಲ್ಲ. ಇವತ್ತ ನನ್ನ ಮಗಳು ಬಂದು ನನಗ ಹೊಲ ತೋರಸ್ತಾಳ!"

ನನಗೂ ಅವನದೇ ಸಿಟ್ಟು ಬಂದಿದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಪಕ್ಕದ ಬಣವೆಗೆ ಹೋದೆ. ಒಂದೇ ಅಳತೆಯ ನಾಲ್ಕು ಹತ್ತಿ ಕಟ್ಟಿಗೆ ಮುರಿದುಕೊಂಡು ಬಂದು, ತುದಿಗಳನ್ನು ಸುತಳಿಯಿಂದ ಸಡಿಲವಾಗಿ ಕಟ್ಟಿದೆ. ಒಂದು ಚೌಕಟ್ಟು ಆಯಿತು. ಅದನ್ನು ನೆಲದ ಮೇಲೆ ಇಟ್ಟು, "ಇದು ನಿನ್ನ ಹೊಲ. ನಾಕು ಬದು, ನಾಕೂ ಒಂದ ಉದ್ದ" ಎಂದೆ. ಆಮೇಲೆ ಒಂದು ಮೂಲೆಯನ್ನು ಬೆರಳಿನಿಂದ ಪಕ್ಕಕ್ಕೆ ದೂಡಿದೆ. ಚೌಕ ವಾಲಿತು. "ಇದು ಅತ್ತಿ ಹೊಲ. ಬದು ಅವ ನಾಕು, ಉದ್ದನೂ ಅಷ್ಟ."

ಅಪ್ಪ ನಿಂತೇ ನೋಡಿದ. ಆಮೇಲೆ ಮೊಣಕಾಲೂರಿ ಕುಳಿತ. ಕಟ್ಟಿಗೆಯ ಮೂಲೆಗೆ ತನ್ನ ಬೆರಳು ಇಟ್ಟು ತಾನೇ ದೂಡಿದ. ಇನ್ನೂ ವಾಲಿತು. ಮತ್ತೂ ದೂಡಿದ. ಕೊನೆಗೆ ನಾಲ್ಕೂ ಕಟ್ಟಿಗೆ ಒಂದರ ಪಕ್ಕ ಒಂದು ಅಂಟಿಕೊಂಡು ಮಲಗಿದವು, ನಡುವೆ ಒಂದು ಬೊಗಸೆ ಮಣ್ಣೂ ಇರಲಿಲ್ಲ.

"ಬದು ನಾಕೂ ಹಂಗ ಅದಾವು" ಎಂದ ಮೆಲ್ಲಗೆ. "ಹೊಲಾ ಎಲ್ಲಿ ಹೋತು?"

ಅವನು ಸರಪಳಿಯ ತುದಿ ಹಿಡಿದುಕೊಂಡು ಎದ್ದು, "ನಡಿ" ಎಂದ.

ಚೌಕ ಹೊಲವಾಗಿದ್ದರೆ ಮೂಲೆಯಿಂದ ಮೂಲೆಗೆ ಹದಿನಾಲ್ಕು ಸರಪಳಿ ಎರಡು ಆಣೆ ಬರಬೇಕು ಎಂದು ಮೊದಲೇ ಹೇಳಿಬಿಟ್ಟೆ. ಆಮೇಲೆ ಹೇಳಿದರೆ ಲೆಕ್ಕ ತಿರುಚಿದಳು ಎನ್ನಬಾರದಲ್ಲ. ಹೊಲಕ್ಕೆ ಎರಡು ಕರ್ಣಗಳಿರುತ್ತವೆ, ಒಂದನ್ನು ಅಳೆದರೆ ಸಾಕು, ಗಿಡ್ಡ ಇದ್ದುದನ್ನು ಆರಿಸಿಕೊಂಡೆ. ಹೆಂಟೆಗಳ ಮೇಲೆ ಸರಪಳಿ ಏರಿಳಿಯುತ್ತಿತ್ತು, ಪ್ರತಿ ಸಲವೂ ಜಗ್ಗಿ ನೇರ ಮಾಡಬೇಕಿತ್ತು. ಪ್ರತಿ ಸರಪಳಿಗೂ ಅಪ್ಪ ಒಂದು ಕಬ್ಬಿಣದ ಕಡ್ಡಿ ನೆಡುತ್ತ ಗಟ್ಟಿಯಾಗಿ ಎಣಿಸಿದ. ಆರು. ಏಳು. ಎಂಟು ಎಂದಾಗ ಅವನ ದನಿ ಸಣ್ಣದಾಯಿತು, ಏಕೆಂದರೆ ಮೂಲೆಯ ಕಲ್ಲು ಕಣ್ಣೆದುರಿಗೇ ಕಾಣುತ್ತಿತ್ತು. ಅತ್ತೆ ನೆರಳು ಬಿಟ್ಟು ಹೊಲದ ನಡುವೆ ಬಂದು ನಿಂತಿದ್ದಳು. ಒಂಬತ್ತನೆಯ ಸರಪಳಿ ಪೂರ್ತಿ ಬಿಚ್ಚುವ ಮೊದಲೇ ಕಲ್ಲು ಮುಟ್ಟಿದೆವು. ಅಪ್ಪ ಬಗ್ಗಿ ಆಣೆ ನೋಡಿದ. ಎಂಟು ಸರಪಳಿ ಹದಿನೈದು ಆಣೆ.

"ಇನ್ನೊಮ್ಮೆ" ಎಂದ ಅಪ್ಪ. ಇನ್ನೊಮ್ಮೆ ಅಳೆದೆವು. ಅಷ್ಟೇ ಬಂತು.

ಗಿಡದ ನೆರಳಲ್ಲಿ ಕೂತು ನೋಟುಬುಕ್ಕು ತೆರೆದೆ. ಆ ಕರ್ಣ ಹೊಲವನ್ನು ಎರಡು ತ್ರಿಕೋನ ಮಾಡುತ್ತದೆ. ಪ್ರತಿಯೊಂದರ ಎರಡು ಬಾಹು ಹತ್ತು, ಪಾದ ಒಂಬತ್ತಕ್ಕೆ ಒಂದು ಆಣೆ ಕಡಿಮೆ. ಪಾದದ ಅರ್ಧ ಸುಮಾರು ನಾಲ್ಕೂವರೆ. ಅದರ ವರ್ಗ ಇಪ್ಪತ್ತು. ಹತ್ತರ ವರ್ಗ ನೂರು. ನೂರರಲ್ಲಿ ಇಪ್ಪತ್ತು ಹೋದರೆ ಎಂಬತ್ತು. ಅದರ ವರ್ಗಮೂಲ ತ್ರಿಕೋನದ ಎತ್ತರ. ಎತ್ತರವನ್ನು ಪಾದದ ಅರ್ಧದಿಂದ ಗುಣಿಸಿದೆ, ನಲವತ್ತು ಗುಂಟೆ ಬಂತು. ಎರಡು ತ್ರಿಕೋನಕ್ಕೆ ಎಂಬತ್ತು. ಮೂರು ಬಾಹುಗಳ ಸೂತ್ರ ಹಾಕಿ ಮತ್ತೆ ಮಾಡಿದೆ. ಎಂಬತ್ತೇ.

"ಎರಡು ಎಕರೆ" ಎಂದೆ. "ಫೋನ್ ಹೇಳಿದ್ದು ಖರೆ."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಹಳ್ಳದ ಕಡೆ ನೋಡುತ್ತಿದ್ದ. "ಸಮಾ ಮಾಡಬೇಕಂದ್ರ ಬದು ಎಷ್ಟ ಸರಸಬೇಕು?" ಎಂದು ಕೇಳಿದ.

"ಎಷ್ಟ ಸರಪಳಿ ಸರಸಬೇಕೋ ಅದಕ್ಕ ಎಕ್ಸ್ ಅನ್ನೂಣು" ಎಂದೆ.

"ಗೊತ್ತಿಲ್ಲದ್ದಕ್ಕ ಹೆಸರಿಟ್ಟು ಲೆಕ್ಕ ಮಾಡ್ತೀರೇನು?"

"ಹೆಸರಿಟ್ರನ ಅದು ಸಿಗತೈತಿ."

ಬದು ಹತ್ತು ಸರಪಳಿ ಉದ್ದ. ಎಕ್ಸ್ ಸರಪಳಿ ಸರಿಸಿದರೆ ಅಪ್ಪನ ನೂರರಲ್ಲಿ ಹತ್ತು ಎಕ್ಸ್ ಕಡಿಮೆಯಾಗುತ್ತದೆ, ಅತ್ತೆಯ ಎಂಬತ್ತಕ್ಕೆ ಹತ್ತು ಎಕ್ಸ್ ಸೇರುತ್ತದೆ. ಎರಡೂ ಸಮ ಎಂದು ಬರೆದರೆ ಇಪ್ಪತ್ತು ಎಕ್ಸ್ ಅಂದರೆ ಇಪ್ಪತ್ತು. ಎಕ್ಸ್ ಒಂದು. ಒಂದೇ ಒಂದು ಸರಪಳಿ. ಇಬ್ಬರಿಗೂ ತೊಂಬತ್ತು ಗುಂಟೆ. ಹುಡುಗರಿಗೆ ಕೊಡುವ ಸಮಸ್ಯೆಗಳಲ್ಲಿ ಮಾತ್ರ ಉತ್ತರ ಇಷ್ಟು ಚಂದ ಬರುತ್ತದೆ ಎಂದುಕೊಂಡಿದ್ದೆ.

ಅಪ್ಪ ಲೆಕ್ಕವನ್ನು ನೋಡಲಿಲ್ಲ. ಅವನು ಬೆರಳಿನಿಂದ ಮಣ್ಣಿನಲ್ಲಿ ಏನನ್ನೋ ಬರೆಯುತ್ತಿದ್ದ. ನನಗೆ ತಲೆಕೆಳಗಾಗಿ ಕಾಣುತ್ತಿತ್ತು, ಆದರೂ ಓದಿದೆ. ನೂರು ಗುಂಟೆಗೆ ಹದಿನೈದು ಚೀಲ. ಎಂಬತ್ತಕ್ಕೆ? ಅವನು ಹನ್ನೆರಡು ಎಂದು ಬರೆದು ಬೆರಳು ಎತ್ತಿದ. ಅವನದೇ ಕೈಯಲ್ಲಿ ಬೆಳೆದರೂ ಅಷ್ಟು ಹೊಲಕ್ಕೆ ಹನ್ನೆರಡೇ ಬರಬೇಕಿತ್ತು. ಅತ್ತೆ ಹದಿಮೂರು ತೆಗೆಯುತ್ತಿದ್ದಳು. ನಾನು ಹಾಕಬೇಕಾಗಿದ್ದ ಲೆಕ್ಕವನ್ನು ಅಪ್ಪ ಹಾಕಿದ್ದ. ನಾನು ವರ್ಷ ವರ್ಷ ಬೋರ್ಡಿನ ಮೇಲೆ ಬರೆದ ಸಮಸ್ಯೆಗೆ ಸರಿಯಾದ ಉತ್ತರ ಆ ಮಣ್ಣಿನಲ್ಲಿತ್ತು, ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಬದು ನಾಳೆನ ಸರಸ್ತೇನಿ, ತಂಗಿ" ಎಂದ ಅಪ್ಪ.

"ಬದು ಆಮ್ಯಾಲ ಸರಸು ಯಣ್ಣಾ" ಎಂದಳು ಅತ್ತೆ. ಅಳುತ್ತಿರಲಿಲ್ಲ. ಅಷ್ಟು ಗಟ್ಟಿ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿರಲೇ ಇಲ್ಲ. "ಗಿರಣಿ ಕಟ್ಟಿ ಮ್ಯಾಲ ಹೇಳಿದ್ದನ್ನ ಗಿರಣಿ ಕಟ್ಟಿ ಮ್ಯಾಲ ತಿರುಗಿ ತಗೋ. ಮೊದಲ ಅದು."

ಅಪ್ಪನ ಮುಖ ಬಿಳಿಚಿಕೊಂಡಿತು. ಅವನು ನನ್ನ ಕಡೆ ತಿರುಗಿ, ಅತ್ತೆಗೆ ಕೇಳಬಾರದು ಎಂಬಂತೆ ಹೇಳಿದ. "ಹಳ್ಳದ ದಂಡಿಮ್ಯಾಲ ಓರೆ ಹೊಲ ಎಷ್ಟ್ ಅದಾವು ಗೊತ್ತೈತೇನು ನಿನಗ? ಎಲ್ಲಾ ನಾನ ಅಳದ ಭಾಗ ಮಾಡೇನಿ. ನಾ ಬಾಯಿ ಬಿಟ್ರ ಅಣ್ಣತಮ್ಮರೆಲ್ಲಾ ಎದ್ದು ನಿಂದ್ರತಾರ. ನಾಳಿಂದ ನಾ ಊರಾಗ ಹೆಂಗ ತಿರಗ್ಲಿ?"

ಇದು ಖರೇನೇ. ನಾನು ಬಸ್ಸಿನಲ್ಲಿ ಇಷ್ಟು ದೂರ ಯೋಚಿಸಿರಲಿಲ್ಲ. ಅಪ್ಪನ ವಯಸ್ಸು ನೋಡಿ ಪಾಪ ಎನಿಸಿತು. ಆದರೂ ಅತ್ತೆ ಹದಿನೆಂಟು ವರ್ಷ ಅದೇ ಊರಲ್ಲಿ ಹೇಗೆ ತಿರುಗಿದಳು ಎಂದು ಕೇಳದೆ ಇರಲು ನನ್ನಿಂದ ಆಗಲಿಲ್ಲ. ಕೇಳಿಯೇಬಿಟ್ಟೆ. ಅಪ್ಪ ಸರಪಳಿಯನ್ನು ಚೀಲಕ್ಕೆ ತುಂಬಿ ಹೆಗಲಿಗೆ ಹಾಕಿಕೊಂಡು ಒಬ್ಬನೇ ಊರ ಕಡೆ ನಡೆದ. ಮಧ್ಯಾಹ್ನ ಊಟಕ್ಕೂ ಮನೆಗೆ ಬರಲಿಲ್ಲ. ಅವ್ವ ಎರಡು ಸಲ ಬಾಗಿಲಿಗೆ ಬಂದು ಓಣಿ ನೋಡಿದಳು. ನಾನು ಆಡಿದ ಮಾತನ್ನು ನೆನೆದು ನನಗೆ ಹೆದರಿಕೆಯಾಯಿತು.

ನಾಲ್ಕು ಗಂಟೆಗೆ ಅತ್ತೆ ಜೋಳದ ಡಬ್ಬಿ ಹೊತ್ತು ಬೀಸಿಸಲು ಹೊರಟಳು. ಮನೆಯಲ್ಲಿ ಹಿಟ್ಟು ಇತ್ತು. ನಾನು ಏನೂ ಕೇಳದೆ ಅವಳ ಹಿಂದೆ ಹೋದೆ. ಅಪ್ಪ ಗಿರಣಿಯ ಕಟ್ಟೆಯ ಮೇಲೆ ಕುಳಿತಿದ್ದ, ಪಕ್ಕದಲ್ಲಿ ಚೀಲ. ಏಳೆಂಟು ಜನ ಇದ್ದರು, ಅದರಲ್ಲಿ ಇಬ್ಬರ ಹೊಲ ಹಳ್ಳದ ದಂಡೆಯಲ್ಲೇ ಇತ್ತು. ಅವರು ಮಳೆ, ಪೇಟೆ ಎಂದು ಮಾತಾಡುತ್ತಿದ್ದರು. ಅಪ್ಪ ನಮ್ಮನ್ನು ನೋಡಿದ, ಬೇರೆ ಕಡೆ ತಿರುಗಿದ. ಅತ್ತೆ ಡಬ್ಬಿ ಇಳಿಸಿ ಪಾಳಿಗೆ ನಿಂತಳು. ಅವಳ ಪಾಳಿ ಬಂತು, ಜೋಳ ಸುರಿದರು, ಗಿರಣಿ ಗುಡುಗತೊಡಗಿತು. ಇನ್ನು ಹಿಟ್ಟು ತುಂಬಿದರೆ ನಾವು ಹೊರಡಬೇಕು. ಅಪ್ಪ ಬಾಯಿ ಬಿಡುವುದಿಲ್ಲ ಎಂದೇ ನಾನು ಅಂದುಕೊಂಡೆ.

ಆಗ ಅವನ ತುಟಿ ಅಲುಗಿದ್ದು ಕಂಡಿತು. ಪಕ್ಕದವರು ಅವನ ಕಡೆ ಬಗ್ಗಿದರು. ಹಳ್ಳದ ದಂಡೆಯವನೊಬ್ಬ ಸಟ್ಟನೆ ಎದ್ದು ನಿಂತು, "ಹಂಗಾರ ನಮ್ಮ ಹೊಲದ್ದೇನು?" ಎಂದು ಕೂಗಿದ್ದು ಗಿರಣಿಯ ಸದ್ದಿನಲ್ಲೂ ಕೇಳಿಸಿತು. ಗಿರಣಿಯವನು ಜಗಳ ಹತ್ತಿತೆಂದು ಮೋಟಾರು ಆರಿಸಿದ.

"ನಾಳೆ ಮುಂಜಾನೆ ನಿಮ್ಮ ಹೊಲಕ್ಕ ಬರ್ತೇನಿ" ಎನ್ನುತ್ತಿದ್ದ ಅಪ್ಪ. "ತಪ್ಪಿದ್ರ ನನ್ನ ಮುಂದ ಹೇಳ್ರಿ, ಬೈರಿ. ಅಣ್ಣತಮ್ಮರು ಹೊಡದಾಡಬ್ಯಾಡ್ರಿ."

ಅತ್ತೆ ಗಿರಣಿಯ ಬಾಗಿಲಿಗೆ ಬಂದು ನಿಂತಳು. ಮುಖಕ್ಕೆ, ರೆಪ್ಪೆಗೆ ಹಿಟ್ಟಿನ ಧೂಳು ಹತ್ತಿತ್ತು. ಗಂಡಸರು ಕುಳಿತ ಕಟ್ಟೆಯ ಕಡೆ ಮುಖ ಮಾಡಿ ಅವಳು ಮಾತಾಡಿದ್ದು ಅದೇ ಮೊದಲು.

"ಯಣ್ಣಾ, ಗಿರಣಿ ಸದ್ದಿನಾಗ ನನಗ ಕೇಳಸಲಿಲ್ಲ. ನನ್ನ ಸುದ್ದಿ ಏನ್ ಹೇಳಿದಿ? ಇನ್ನೊಮ್ಮೆ ಹೇಳು."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಕಟ್ಟೆಗೆ ಕೈ ಊರಿ ಎದ್ದು ನಿಂತ.

"ನನ್ನ ತಂಗಿ ಒಕ್ಕಲುತನ ನನಗಿಂತ ಚಲೋ" ಎಂದ. "ನನ್ನ ಕೈಯಾಗ ಹನ್ನೆರಡು ಬರೂ ನೆಲದಾಗ ಆಕಿ ಹದಿಮೂರು ತಗದಾಳ. ಹದಿನೆಂಟು ವರ್ಷ."